ಕ್ಲಾಂಗಿನಿಂದ ಒಂದು ಮಿಸ್ಡ್ ಕಾಲ್

ಮಲೇಶಿಯಾಕ್ಕೆ ಹೋಗಿ ಬಂದವರು ಜೋಡಿ ಗೋಪುರದ ಕೆಳಗೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಬಳಿ ಅಂಥ ಫೋಟೊ ಇಲ್ಲ. ಹನ್ನೆರಡು ದಿನ ಆ ದೇಶದಲ್ಲಿದ್ದೆ. ಮೊದಲ ವಾರವೆಲ್ಲ ಫೋನನ್ನು ಕಿವಿಗೆ ಒತ್ತಿಕೊಂಡೇ ಓಡಾಡಿದೆ. ಅಲ್ಲಿನ ಸಮುದ್ರ ಹೇಗಿದೆ ಎಂದು ಕೇಳಿದರೆ ಹೇಳಲಾರೆ, ಏಕೆಂದರೆ ನೋಡಲಿಲ್ಲ. ನೆನೆದರೆ ಇಷ್ಟು ವರ್ಷದ ಮೇಲೂ ಮೈ ಉರಿಯುತ್ತದೆ. ಅಂಗಡಿಯವನ ಮೇಲೆ ಉರಿಯುತ್ತದೆ, ದೊಡ್ಡಪ್ಪನ ಮೇಲೆ ಉರಿಯುತ್ತದೆ, ಕೊನೆಗೆ ಯಾರ ಮೇಲೆ ಎಂಬುದನ್ನು ಮುಂದೆ ಹೇಳುತ್ತೇನೆ.

ತುಮಕೂರು, ಎಂ.ಜಿ. ರಸ್ತೆ

ಎರಡು ಸಾವಿರದ ನಾಲ್ಕನೇ ಇಸವಿ. ನಾನು ಅಂತರಸನಹಳ್ಳಿಯ ಒಂದು ಬಿಸ್ಕತ್ ಕಾರ್ಖಾನೆಯಲ್ಲಿ ಫಿಟರ್. ಮಲೇಶಿಯಾದಿಂದ ಹೊಸ ಪ್ಯಾಕಿಂಗ್ ಮೆಷಿನ್ ಬರುವುದಿತ್ತು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬಾ ಎಂದು ನನ್ನನ್ನು ಆರಿಸಿದರು. ನಮ್ಮ ವಂಶದಲ್ಲಿ ಅದುವರೆಗೆ ವಿಮಾನ ಹತ್ತಿದವರಿರಲಿಲ್ಲ. ಗುಬ್ಬಿಯ ನಮ್ಮ ಬೀದಿಯಲ್ಲಿ ಎರಡು ವಾರ ನಾನೇ ಸುದ್ದಿ.

ಅದೇ ಹೊತ್ತಿಗೆ ತಂಗಿ ಶಶಿಗೆ ಕುಣಿಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಹೈವೇ ಪಕ್ಕದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಒಮ್ಮೆ ಬಂದು ನೋಡಿ, ಒಪ್ಪಿ ಹೋಗಿದ್ದರು. ಮುಂದಿನ ಭಾನುವಾರ ಬಂದು ಎಲೆ ಅಡಿಕೆ ಬದಲಾಯಿಸಿಕೊಂಡು ಮಾತು ಮುಗಿಸುವುದೆಂದು ದೊಡ್ಡಪ್ಪ ದಿನ ಗೊತ್ತು ಮಾಡಿದ್ದರು. ಆ ಭಾನುವಾರ ನಾನು ಮಲೇಶಿಯಾದಲ್ಲಿರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮಾತುಕತೆಯೆಲ್ಲ ದೊಡ್ಡಪ್ಪನದು. ಆದರೆ ಹುಡುಗಿಯ ಅಣ್ಣನ ಒಪ್ಪಿಗೆ ಇಲ್ಲದೆ ಎಲೆ ಅಡಿಕೆ ಮುಟ್ಟುವುದಿಲ್ಲ ಎಂದು ಅವರೇ ಹೇಳಿದ್ದರು.

ಶಶಿ ಗುಬ್ಬಿಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳು ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ನಾನು ಪಾಸ್‌ಪೋರ್ಟಿನ ಕಾಗದ ಹಿಡಿದು ಓಡಾಡುತ್ತಿದ್ದಾಗ ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ಅಡ್ಡ ನಿಂತಳು.

“ಅಣ್ಣ, ನಿನ್ ಹತ್ರ ಒಂದ್ ಮಾತಾಡ್ಬೇಕು. ಎಲ್ರ ಮುಂದೆ ಆಗಲ್ಲ.”

“ಈಗ ಟೈಮಿಲ್ಲ ಕಣೇ. ಅಲ್ಲಿಂದ ಫೋನ್ ಮಾಡ್ತೀನಿ, ಭಾನುವಾರದೊಳ್ಗೆ. ನೀನ್ ಏನಂತೀಯೋ ಅದೇ ಫೈನಲ್ಲು.”

“ನಿಜ್ವಾಗ್ಲೂ?”

“ಅಮ್ಮನಾಣೆ.”

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಆದ್ದರಿಂದ ಎರಡು ಮೊಬೈಲ್ ಕೊಳ್ಳುವುದೆಂದಾಯಿತು, ನನಗೊಂದು, ಮನೆಗೊಂದು. ಯಾವ ಕಂಪನಿಯದು ಎಂದು ಆರಿಸಲು ನಾನು ಪಟ್ಟ ಪಾಡು ಹೆಣ್ಣು ಹುಡುಕುವವರೂ ಪಡುವುದಿಲ್ಲ. ಆಗ ನಮ್ಮ ಕಡೆ ಕಂಪನಿಗಳನ್ನು ಅವುಗಳ ಹೆಸರಿನಿಂದ ಕರೆಯುತ್ತಿರಲಿಲ್ಲ, ಟವರ್ ನಿಂತ ಜಾಗದಿಂದ ಕರೆಯುತ್ತಿದ್ದರು. ಕಲ್ಯಾಣ ಮಂಟಪದ ಟವರಿನದು ಗುಬ್ಬಿಯಲ್ಲಿ ಚೆನ್ನಾಗಿ ಸಿಗುತ್ತದೆ, ನಿಟ್ಟೂರಿಗೆ ಹೋದರೆ ಸತ್ತೇ ಹೋಗುತ್ತದೆ. ರೈಸ್‌ಮಿಲ್ಲಿನ ಟವರಿನದು ನಿಟ್ಟೂರಿನಲ್ಲಿ ಸಿಗುತ್ತದೆ, ಗುಬ್ಬಿಯಲ್ಲಿ ಮಾತಾಡಬೇಕಾದರೆ ಮಾಳಿಗೆ ಹತ್ತಬೇಕು. ಕುಣಿಗಲ್ ಕೆರೆ ಏರಿಯ ಮೇಲೆ ಎಲ್ಲವೂ ಸಿಗುತ್ತವೆ, ಊರೊಳಗೆ ಯಾವುದೂ ಇಲ್ಲ. ಬಸ್ಸಿನಲ್ಲಿ ಕಂಡವರನ್ನೆಲ್ಲ ಕೇಳಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಷ್ಟೆಲ್ಲ ಮಾಡಿದವನು ನಾನು ಎಂದು ನೆನೆದಾಗ ನಗು ಬರುವುದಿಲ್ಲ.

ಎಂ.ಜಿ. ರಸ್ತೆಯ ಅಂಗಡಿಯವನು ಒಳ್ಳೆ ಮಾತುಗಾರ. “ಕಲ್ಯಾಣ ಮಂಟಪದ್ದೇ ತಗೊಳಿ ಸಾರ್. ರೋಮಿಂಗ್ ಇದೆ. ಎಲ್ ಹೋದ್ರೂ ಬರುತ್ತೆ.”

“ನಾನು ಮಲೇಶಿಯಾಕ್ಕೆ ಹೋಗ್ತಿರೋದು.”

“ಎಲ್ ಹೋದ್ರೂ ಅಂದ್ನಲ್ಲ ಸಾರ್!”

ನಂಬಿದೆ. ಹತ್ತು ಎಂಎಂ ನಟ್ಟಿಗೆ ಹತ್ತು ಎಂಎಂ ಸ್ಪ್ಯಾನರೇ ಬೇಕು ಎಂದು ಹೆಲ್ಪರಿಗೆ ಬೈಯುವ ನಾನು ಒಂದು ಕಾಗದ ಓದದೆ ನಂಬಿದೆ.

ಗುಬ್ಬಿ ಬಸ್ ಸ್ಟ್ಯಾಂಡ್

ಮನೆಯ ಫೋನು ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಬಂದಾಗ ಶಶಿ, “ನನ್ ಹತ್ರ ಇರ್ಲಿ ಅಣ್ಣ” ಅಂದಳು. ನಾನು, “ನೀನು ಡ್ಯೂಟಿಗೆ ಹೋಗೋಳು. ಮನೆಗೆ ದೊಡ್ಡೋರ ಹತ್ರ ಇದ್ರೆ ಚೆಂದ” ಅಂದೆ. ದೊಡ್ಡಪ್ಪ ಅದನ್ನು ತೆಗೆದು ಅಂಗಿಯ ಎಡ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಶಶಿ ಮತ್ತೆ ಮಾತಾಡಲಿಲ್ಲ. ಅವಳು ಮಾತಾಡಲಿಲ್ಲ ಎಂಬುದು ಆಗ ನನಗೆ ಗೊತ್ತೂ ಆಗಲಿಲ್ಲ.

ಆಗ ನಾವೆಲ್ಲ ಮಾತಾಡುತ್ತಿದ್ದುದು ಮಿಸ್ಡ್ ಕಾಲಿನಲ್ಲೇ. ಒಂದು ರಿಂಗ್ ಆಗಿ ನಿಂತರೆ ಆಯ್ತು, ಸರಿ ಎಂದು ಅರ್ಥ. ಎರಡು ಸಲ ಬಂದರೆ ನೀನೇ ಫೋನ್ ಮಾಡು. ಮೂರು ಸಲ ಬಂದರೆ ಇದ್ದಲ್ಲಿಂದ ಓಡಿ ಬಾ. ಕಾರ್ಖಾನೆಯಲ್ಲಿ ಫೋನಿದ್ದವರು ಮಾಡಿಕೊಂಡಿದ್ದ ಈ ಕಾನೂನನ್ನು ಮನೆಯವರಿಗೂ ನಾನೇ ಕಲಿಸಿದೆ. ಒಂದು ರಿಂಗಿಗೆ ಯಾರೂ ಎತ್ತಬಾರದು, ಎತ್ತಿದರೆ ಮಾಡಿದವನ ದುಡ್ಡು ಹೋಗುತ್ತದೆ ಎಂದು ಎರಡೆರಡು ಸಲ ಹೇಳಿದೆ. ದೊಡ್ಡಪ್ಪ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿಕೊಂಡರು.

ಬಸ್ ಹೊರಡುವಾಗ ಕಿಟಕಿಯ ಹತ್ತಿರ ಬಂದು ಕೂಗಿದರು. “ಮಂಜ, ಕುಣಿಗಲ್ಲೋರ್ ವಿಚಾರ ನಿಂಗೆ ಒಪ್ಗೆ ಆದ್ರೆ ಅಲ್ಲಿಂದ ಒಂದ್ ಮಿಸ್ಡ್ ಕಾಲ್ ಕೊಡು ಸಾಕು. ಫಾರಿನ್ನಿಂದ ಮಾತಾಡಿ ದುಡ್ ಸುರೀಬೇಡ.”

ಬ್ಯಾಗನ್ನು ಮೇಲಿಡುತ್ತಿದ್ದ ನಾನು “ಆಯ್ತು ದೊಡ್ಡಪ್ಪ” ಅಂದೆ. ಯಾರು ಏನು ಕೂಗಿದರೂ ಬಸ್ ಹೊರಡುವಾಗ ಆಯ್ತು ಅನ್ನುವುದು ನಮ್ಮ ರೂಢಿ.

ಕೌಲಾಲಂಪುರ, ಮಂಗಳವಾರ

ವಿಮಾನ ಇಳಿದು ಫೋನ್ ಆನ್ ಮಾಡಿದೆ. ಸಿಗ್ನಲ್ ಇಲ್ಲ. ಕಿಟಕಿಯ ಪಕ್ಕ ಹೋದೆ, ಇಲ್ಲ. ಕೈ ಎತ್ತಿ ಹಿಡಿದೆ, ಇಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಕೈ ಎತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಯೂನಿಫಾರ್ಮ್ ಹಾಕಿದ ಒಬ್ಬ ಮುದುಕರು ಬಂದು, ಮುಷ್ಟಿ ಕಟ್ಟಿ ಹೆಬ್ಬೆಟ್ಟನ್ನು ಚಾಚಿ ಏನೋ ಹೇಳಿದರು. ಪರದೇಶಕ್ಕೆ ಕಾಲಿಟ್ಟ ತಕ್ಷಣ ಹೆಬ್ಬೆಟ್ಟು ತೋರಿಸಿ ಅಣಕಿಸುತ್ತಾರಲ್ಲ ಎಂದು ಕೋಪ ನೆತ್ತಿಗೇರಿತು. ಆಮೇಲೆ ಗೊತ್ತಾಯಿತು, ಅಲ್ಲಿಯವರು ತೋರುಬೆರಳಿನಿಂದ ದಾರಿ ತೋರಿಸುವುದನ್ನು ಒರಟುತನ ಅನ್ನುತ್ತಾರೆ. ಅವರು ಮರ್ಯಾದೆಯಿಂದ ಹೊರಗಿನ ಬಾಗಿಲು ತೋರಿಸುತ್ತಿದ್ದರು. ನಮ್ಮೂರಿನಲ್ಲಿ ದಾರಿ ಕೇಳಿದರೆ ಗದ್ದ ಎತ್ತಿ ತೋರಿಸುತ್ತಾರೆ, ಅದೂ ಮನಸ್ಸಿದ್ದರೆ.

ನನ್ನನ್ನು ಕರೆದೊಯ್ಯಲು ಸೆಲ್ವಂ ಬಂದಿದ್ದರು. ಕ್ಲಾಂಗ್ ಊರಿನ ಆ ಮೆಷಿನ್ ಕಾರ್ಖಾನೆಯಲ್ಲಿ ಹಿರಿಯ ಟೆಕ್ನಿಷಿಯನ್. ಅಜ್ಜನ ಕಾಲದಲ್ಲೇ ರಬ್ಬರ್ ತೋಟಕ್ಕೆ ಬಂದ ತಮಿಳರ ಮನೆತನ. ಅವರ ತಮಿಳು, ನನ್ನ ತುಮಕೂರು ತಮಿಳು, ಇಬ್ಬರ ಮುರುಕು ಇಂಗ್ಲಿಷು ಸೇರಿ ಕೆಲಸ ನಡೆಯಿತು. ಫೋನ್ ತೋರಿಸಿದೆ. ಅವರು ತಿರುವಿ ನೋಡಿ, “ತಂಬಿ, ಇದು ನಿಮ್ಮ ದೇಶದೊಳಗೆ ಮಾತ್ರ ಓಡಾಡುವ ಸಿಮ್” ಅಂದರು.

ಅಂಗಡಿಯವನ ಹಲ್ಲುಗಳು ಕಣ್ಮುಂದೆ ಬಂದವು. ಎಲ್ ಹೋದ್ರೂ ಬರುತ್ತೆ ಸಾರ್!

ಕ್ಲಾಂಗ್, ಗುರುವಾರ

ನಾನು ಉಳಿದುಕೊಂಡಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಮೂಲೆಯಲ್ಲಿ ಕಾರ್ಡ್ ಹಾಕುವ ಫೋನಿತ್ತು. ಮಂಗಳವಾರವೂ ಬುಧವಾರವೂ ಅದರಿಂದ ದೊಡ್ಡಪ್ಪನಿಗೆ ಮಾಡಿದೆ. ಹಗಲಲ್ಲಿ ಮಾಡಿದರೆ ಅವರು ವ್ಯಾಪ್ತಿ ಪ್ರದೇಶದ ಹೊರಗೆ. ಹೊರಗೆಂದರೆ ಎಲ್ಲಿ? ನಿಟ್ಟೂರಿನ ತೆಂಗಿನ ತೋಟದಲ್ಲಿ. ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೆನಲ್ಲ, ನಿಟ್ಟೂರಿನಲ್ಲಿ ಸಾಯುತ್ತದೆ ಎಂದು! ಸಂಜೆ ಮಾಡಿದರೆ ಸ್ವಿಚ್ ಆಫ್. ಚಾರ್ಜು ಉಳಿಯಲಿ ಎಂದು ಮನೆಗೆ ಬಂದೊಡನೆ ಅವರು ಆರಿಸಿಡುತ್ತಿದ್ದರಂತೆ, ಬಲ್ಬು ಆರಿಸುವ ಹಾಗೆ. ಸಿಗ್ನಲ್ ಇಲ್ಲದ ಕಡೆ ಆನ್, ಇರುವ ಕಡೆ ಆಫ್. ಕೇಳಿದ ಯಾರಿಗಾದರೂ ತಲೆ ಕೆಡಬೇಕು.

ಗುರುವಾರ ಬೆಳಿಗ್ಗೆ ಆ ಫೋನೂ ಕೆಟ್ಟು ನಿಂತಿತು. ಸೆಲ್ವಂ ಸಂಜೆ ನನ್ನನ್ನು ಸಿಮ್ ಅಂಗಡಿಗೆ ಕರೆದೊಯ್ದರು. ಗಲ್ಲಾದಲ್ಲಿ ಕೂತಿದ್ದ ಚೀನಿ ಹೆಂಗಸು ನನ್ನ ತಂದೆಯ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕೇಳಿದ್ದು ಒಂದೇ.

“ಯಾರ ಜೊತೆ ಮಾತಾಡಬೇಕು ನಿಮಗೆ?”

“ತಂಗಿ ಜೊತೆ.”

“ಅವಳ ಫೋನು ಯಾವುದು?”

“ಅವಳಿಗೆ ಫೋನಿಲ್ಲ. ದೊಡ್ಡಪ್ಪನಿಗೆ ಮಾಡಬೇಕು.”

ಆಕೆ ಸೆಲ್ವಂ ಮುಖ ನೋಡಿದಳು. ಸೆಲ್ವಂ ಭುಜ ಕುಣಿಸಿದರು. ಇಂಡಿಯಾಕ್ಕೆ ಮಾತಾಡಲು ಸೋವಿಯಾದ ಒಂದು ಸಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಆ ನೋಟ ನನಗೆ ಹಿಡಿಸಲಿಲ್ಲ. ನಮ್ಮ ಮನೆಯ ವಿಚಾರ ಇವರಿಗೇನು ಗೊತ್ತು ಎಂದು ಗೊಣಗಿಕೊಂಡೆ.

ಸಿಮ್ ಹಾಕಿ ಮೊದಲು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ದೊಡ್ಡಪ್ಪ ಹೇಗೂ ತೋಟದಲ್ಲಿರುವ ಹೊತ್ತು. ಎಂ.ಜಿ. ರಸ್ತೆಯ ಅಂಗಡಿಗೆ ಫೋನ್ ಹಚ್ಚಿದೆ. “ಏನಯ್ಯಾ, ಎಲ್ ಹೋದ್ರೂ ಬರುತ್ತೆ ಅಂದ್ಯಲ್ಲ, ಬಾ ಇಲ್ಲಿ, ಬಂದು ತೋರ್ಸು!” ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅವನು “ಸಾರ್, ಸಾರ್” ಅನ್ನುತ್ತಲೇ ಇದ್ದ. ಪಕ್ಕದ ಚಹಾದಂಗಡಿಯ ಜನ ತಟ್ಟೆಯ ರೊಟ್ಟಿ ಬಿಟ್ಟು ನನ್ನನ್ನು ನೋಡಿದರು. ಅಲ್ಲಿ ಯಾರೂ ಫೋನಿನಲ್ಲಿ ಕೂಗುವುದಿಲ್ಲ. ನಾನು ಕೂಗಿದೆ, ಮನಸ್ಸು ತಣ್ಣಗಾಗುವವರೆಗೆ ಕೂಗಿದೆ. ಸಿಮ್ಮಿನಲ್ಲಿದ್ದ ದುಡ್ಡೆಲ್ಲ ಆ ಬೈಗುಳಕ್ಕೆ ಖರ್ಚಾಯಿತು ಎಂಬುದು ಮರುದಿನ ತಿಳಿಯಿತು.

ಶುಕ್ರವಾರ

ಶುಕ್ರವಾರ ಅಲ್ಲಿ ಮಧ್ಯಾಹ್ನದ ನಮಾಜಿಗಾಗಿ ಕಾರ್ಖಾನೆ ಎರಡು ಗಂಟೆ ನಿಲ್ಲುತ್ತದೆ. ಮೆಷಿನ್‌ಗಳೆಲ್ಲ ಒಟ್ಟಿಗೆ ಸುಮ್ಮನಾದಾಗ ಕಿವಿಗೆ ಏನೋ ಕಳೆದುಹೋದ ಹಾಗಾಯಿತು. ಗುಬ್ಬಿಯಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಬರುವವರಿಗಾಗಿ ಮನೆಗೆ ಸುಣ್ಣ ಬಳಿಸುತ್ತೇವೆ ಎಂದಿದ್ದರು, ದೊಡ್ಡಪ್ಪ ತೋಟಕ್ಕೆ ಹೋಗಿರಲಾರರು. ಗೇಟಿನ ಹೊರಗೆ ಮರದ ಕೆಳಗೆ ನಿಂತು ನಂಬರ್ ಒತ್ತಿದೆ.

ರಿಂಗ್ ಆಯಿತು! ಒಂದು ರಿಂಗು. ಅಷ್ಟಕ್ಕೇ ಕಟ್ಟಾಯಿತು. ಒಬ್ಬ ಹೆಂಗಸು ಮಲಯ ಭಾಷೆಯಲ್ಲಿ ಬಹಳ ಮೃದುವಾಗಿ ಏನೋ ಹೇಳಿದಳು. ಮತ್ತೆ ಒತ್ತಿದೆ, ರಿಂಗೂ ಇಲ್ಲ, ಅವಳೇ. ದುಡ್ಡು ತುಂಬಿಸೋಣವೆಂದು ರಸ್ತೆಗೆ ಓಡಿದೆ. ಚೀನಿ ಹೆಂಗಸಿನ ಅಂಗಡಿ ದೂರ. ಕಾರ್ಖಾನೆ ಎದುರಿನ ಅಂಗಡಿಯವರು ನಮಾಜಿಗೆ ಹೋಗಿದ್ದರು, ಮುಂದಿನ ಬೀದಿಯದಕ್ಕೂ ಶಟರ್ ಎಳೆದಿತ್ತು. ಅವರು ವಾಪಸ್ ಬರುವ ಹೊತ್ತಿಗೆ ನನ್ನ ಮೆಷಿನ್ ಮತ್ತೆ ಶುರುವಾಗಿತ್ತು. ಸಂಜೆ ದುಡ್ಡು ತುಂಬಿಸಿ ಮಾಡಿದರೆ ಸ್ವಿಚ್ ಆಫ್. ಶನಿವಾರವೆಲ್ಲ ವ್ಯಾಪ್ತಿ ಪ್ರದೇಶದ ಹೊರಗೆ.

ನರ್ಸಿಂಗ್ ಹೋಮಿಗೇ ಮಾಡೋಣ ಎಂದುಕೊಂಡೆ. ಆದರೆ ಅದರ ನಂಬರು ನನ್ನಲ್ಲಿರಲಿಲ್ಲ. ಹಳೆಯ ಸಿಮ್ ಹಾಕಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಬೋಲ್ಟಿನ ಅಂಗಡಿ, ಯೂನಿಯನ್ನಿನವರು, ಗ್ಯಾಸ್ ಏಜೆನ್ಸಿ, ಶಿಫ್ಟ್ ಸೂಪರ್‌ವೈಸರ್ ಎಲ್ಲ ಇದ್ದರು. ನನ್ನ ಒಡಹುಟ್ಟಿದವಳು ನಾಲ್ಕು ವರ್ಷದಿಂದ ಕೆಲಸ ಮಾಡುವ ಜಾಗದ ನಂಬರಿಲ್ಲ. ಅವಳಿಗೆ ಫೋನ್ ಮಾಡಬೇಕೆಂದು ನನಗೆ ಯಾವತ್ತೂ ಅನಿಸಿರಲೇ ಇಲ್ಲ. ಆಗ ಮೊದಲ ಬಾರಿಗೆ ಕೋಪದ ಜೊತೆಗೆ ಹೆದರಿಕೆಯೂ ಆಯಿತು.

ಭಾನುವಾರ, ಸೆಲ್ವಂ ಮನೆ

ಸೆಲ್ವಂ ಊಟಕ್ಕೆ ಕರೆದಿದ್ದರು. ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವುದು, ಬಾಳೆ ಎಲೆ, ರಸಂ ಎಲ್ಲ ನಮ್ಮಂತೆಯೇ. ಆದರೆ ಟೀಪಾಯಿಯ ಮೇಲೆ ನಾಲ್ಕು ಫೋನು ಸಾಲಾಗಿ ಇದ್ದವು. ಸೆಲ್ವಂದು, ಹೆಂಡತಿಯದು, ಕಾಲೇಜಿನ ಮಗಳದು, ಅವರ ಅತ್ತೆಯದು. ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮಿಸ್ಡ್ ಕಾಲಿನ ನಮ್ಮ ಕಾನೂನನ್ನು ವಿವರಿಸಿದೆ. ಅವರ ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ.

ದುಡ್ಡು ತುಂಬಿದ ಫೋನು ತೆಗೆದು ಜಗಲಿಗೆ ಬಂದೆ. ಗುಬ್ಬಿಯಲ್ಲಿ ಬೆಳಿಗ್ಗೆ ಹತ್ತೂವರೆ. ರಿಂಗ್ ಆಯಿತು. ಒಂದು, ಎರಡು, ಮೂರು, ನಾಲ್ಕು. ಎತ್ತಿದರು!

“ಯಾರು, ಮಂಜನಾ? ಬಂತು ಕಣಪ್ಪ ನಿನ್ ಮಿಸ್ಡ್ ಕಾಲು, ಶುಕ್ರವಾರನೇ ಬಂತು! ಇಷ್ಟುದ್ದ ನಂಬ್ರು ನೋಡೇ ಗೊತ್ತಾಯ್ತು, ಫಾರಿನ್ನಿಂದು ಅಂತ. ಕುಣಿಗಲ್ಲೋರು ಆಗ್ಲೇ ಹೊರ್ಟವ್ರಂತೆ. ಇಡು ಇಡು, ದುಡ್ ಹೋಗ್ತದೆ!”

“ದೊಡ್ಡಪ್ಪ, ಅದು ಮಿಸ್ಡ್ ಕಾಲಲ್ಲ, ಶಶಿಗೆ ಕೊಡಿ...”

ಕಟ್.

ಮತ್ತೆ ಮಾಡಿದೆ. ಒಂದು ರಿಂಗಿಗೇ ಅವರು ಕಟ್ ಮಾಡಿದರು. ಮತ್ತೆ ಮಾಡಿದೆ, ಕಟ್ ಮಾಡಿದರು. ನನ್ನ ದುಡ್ಡು ಉಳಿಸುತ್ತಿದ್ದರು ಪುಣ್ಯಾತ್ಮರು! ನನ್ನ ಮೇಲಿನ ಪ್ರೀತಿಯಿಂದಲೇ ಒಂದೊಂದು ಸಲವೂ ಕೆಂಪು ಬಟನ್ ಒತ್ತುತ್ತಿದ್ದರು. ಎಂಟೋ ಒಂಬತ್ತೋ ಸಲವಾದ ಮೇಲೆ ಸ್ವಿಚ್ ಆಫ್ ಮಾಡಿಬಿಟ್ಟರು. ಕೈಯಲ್ಲಿದ್ದ ಫೋನನ್ನು ಗೋಡೆಗೆ ಬೀಸಲು ಹೋದೆ. ಸೆಲ್ವಂ ಬಂದು ಕೈ ಹಿಡಿದರು.

ಎಲ್ಲ ಕೇಳಿದ ಮೇಲೆ ಅವರು, “ತಂಬಿ, ಮದುವೆ ಯಾರಿಗೆ?” ಅಂದರು.

“ತಂಗಿಗೆ.”

“ಮತ್ತೆ ಅವರೆಲ್ಲ ನಿನ್ನ ಫೋನಿಗೆ ಯಾಕೆ ಕಾಯಬೇಕು? ಅವಳು ಅದೇ ಮನೆಯಲ್ಲೇ ಇದ್ದಾಳಲ್ಲ.”

“ನಿಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲ” ಎಂದು ಗದರಿಬಿಟ್ಟೆ. ಊಟ ಹಾಕಿದ ಮನುಷ್ಯನಿಗೆ, ಅವರ ಮನೆಯ ಜಗಲಿಯಲ್ಲೇ ನಿಂತು ಗದರಿದೆ. ಅವರು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು.

ಮುಂದಿನ ವಾರ ಮೆಷಿನ್ನಿನ ಪ್ರತಿ ಸ್ಕ್ರೂವನ್ನೂ ಕಲಿತೆ. ಯಾರಿಗೂ ಫೋನ್ ಮಾಡಲಿಲ್ಲ.

ಮತ್ತೆ ಗುಬ್ಬಿ

ಬಾಗಿಲಲ್ಲಿ ಅಮ್ಮ ಸಿಕ್ಕಿದಳು. ಶಶಿ ನನ್ನನ್ನು ನೋಡಿ ಒಳಗೆ ಹೋದಳು. ಮೂಲೆಯ ಕುರ್ಚಿಯಲ್ಲಿದ್ದ ದೊಡ್ಡಪ್ಪ ಮುಖ ತಿರುಗಿಸಿದರು. ನಡೆದದ್ದನ್ನು ಅಮ್ಮ ಹಿತ್ತಲಲ್ಲಿ ನಿಂತು ಹೇಳಿದಳು.

ಕುಣಿಗಲ್ಲಿನವರು ಬಂದರು. ದೊಡ್ಡಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, “ಹುಡ್ಗಿ ಅಣ್ಣ ಮಲೇಶಿಯಾದಿಂದ ಒಪ್ಗೆ ಕಳ್ಸವ್ನೆ” ಎಂದು ಎದೆಯುಬ್ಬಿಸಿ ಹೇಳಿದರು. ಶಶಿ ಕಾಫಿಯ ತಟ್ಟೆಯನ್ನು ಕೆಳಗಿಟ್ಟು ಹುಡುಗನನ್ನೇ ಕೇಳಿದಳು, ಕುಣಿಗಲ್ಲಿನಲ್ಲೂ ಲ್ಯಾಬ್ ಕೆಲಸ ಮಾಡಬಹುದಾ ಎಂದು. ಹುಡುಗ ಕೈಯಲ್ಲಿದ್ದ ಮೊಬೈಲು ನೋಡಿದ. ಅವನ ತಾಯಿ ಉತ್ತರ ಕೊಟ್ಟಳು.

“ನಮ್ಮನೇಲಿ ಸೊಸೇರು ಕಂಡೋರ್ ರಕ್ತ ಮುಟ್ಟಲ್ಲ.”

“ಹಂಗಾದ್ರೆ ನಂಗೆ ಈ ಸಂಬಂಧ ಬೇಡ.”

ದೊಡ್ಡಪ್ಪ ಎದ್ದು ನಿಂತರಂತೆ. “ನಿಮ್ಮಣ್ಣನೇ ಒಪ್ಪವ್ನೆ ಕಣೇ, ಮಿಸ್ಡ್ ಕಾಲ್ ಕೊಟ್ಟವ್ನೆ!”

“ಮಿಸ್ಡ್ ಕಾಲ್ ಕೊಟ್ಟೋನು ಅವ್ನು. ಮದ್ವೆ ಆಗೋಳು ನಾನು.”

ಅವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಆ ದಿನದಿಂದ ದೊಡ್ಡಪ್ಪ ಅವಳ ಜೊತೆ ಮಾತು ಬಿಟ್ಟಿದ್ದರು. ಅವಳು ನನ್ನ ಜೊತೆ ಬಿಡಲು ನಾನು ಬರುವುದನ್ನೇ ಕಾಯುತ್ತಿದ್ದಳು.

ನಾನು ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಿಮ್ಮು, ಕೆಟ್ಟ ಫೋನು, ಶುಕ್ರವಾರದ ನಮಾಜು, ಮುಗಿದ ದುಡ್ಡು, ಅಂಗಡಿಯವನು, ಎಲ್ಲ. ನನ್ನ ದನಿ ಏರುತ್ತಲೇ ಹೋಯಿತು. ಅವಳು ಒಲೆ ಸಣ್ಣ ಮಾಡಿದಳು.

“ಶುಕ್ರವಾರ ರಿಂಗ್ ಆದಾಗ ನಾನ್ ಅಲ್ಲೇ ಇದ್ದೆ ಅಣ್ಣ. ನೀನೇ ಅಂತ ಗೊತ್ತಾಗಿ ಕೈ ಚಾಚ್ದೆ. ‘ಎತ್‌ಬ್ಯಾಡ, ಮಿಸ್ಡ್ ಕಾಲು’ ಅಂತ ದೊಡ್ಡಪ್ಪ ಜೇಬು ಮುಚ್ಕೊಂಡ್ರು. ನೀನ್ ಕಲ್ಸಿದ್ದೇ ಅಲ್ವಾ ಅದು?”

ಹನ್ನೆರಡು ದಿನ ಊರಿಗೆಲ್ಲ ಹಂಚಿದ್ದ ಕೋಪ ಒಟ್ಟಾಗಿ ನನ್ನ ಬಳಿಗೇ ವಾಪಸ್ ಬಂತು. ಮೂರು ಊರಿನ ಟವರು ಲೆಕ್ಕ ಹಾಕಿದ್ದೆ. ಯಾರ ಕೈಗೆ ಕೊಡಬೇಕು ಎಂದು ಮಾತ್ರ ಯೋಚಿಸಿರಲಿಲ್ಲ, ಅವಳು ಬಾಯಿಬಿಟ್ಟು ಕೇಳಿದ ಮೇಲೂ.

ಎಂ.ಜಿ. ರಸ್ತೆ, ಮತ್ತೊಮ್ಮೆ

ಶನಿವಾರ ಇಬ್ಬರೂ ತುಮಕೂರಿಗೆ ಹೋದೆವು. ಅಂಗಡಿಯವನು ನನ್ನನ್ನು ಕಂಡು ಹಿಂದೆ ಸರಿದ. “ಸಾರ್, ಎಲ್ ಹೋದ್ರೂ ಅಂದಿದ್ದು ಇಂಡಿಯಾದಲ್ಲಿ ಸಾರ್...” ತಂಗಿಗೊಂದು ಫೋನು ಬೇಕು ಎಂದೆ. ಅವನು ಅರ್ಜಿ ತೆಗೆದು ನನ್ನ ಕಡೆಗೆ ಸರಿಸಿ, “ಯಾವ್ ಪ್ಲಾನ್ ಹಾಕ್ಲಿ ಸಾರ್ ಮೇಡಮ್ಮಿಗೆ?” ಅಂದ.

ಶಶಿ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. “ನನ್ನ ಕೇಳಿ. ಲ್ಯಾಬ್ ಒಳ್ಗೆ ಸಿಗ್ಬೇಕು, ಅಷ್ಟೇ ನಂಗೆ. ಯಾವ್ದು ಸಿಗುತ್ತೆ?”

ಅವನು ನನ್ನ ಮುಖ ನೋಡಿದ. ನಾನು ರಸ್ತೆಯ ಕಡೆ ನೋಡಿದೆ. ಅವಳು ರೈಸ್‌ಮಿಲ್ಲಿನ ಟವರಿನದನ್ನು ಆರಿಸಿದಳು. ಗುಬ್ಬಿಯಲ್ಲಿ ಮಾಳಿಗೆ ಹತ್ತಬೇಕಲ್ಲ ಎಂದು ನನ್ನ ಬಾಯಿಗೆ ಬಂತು. ಅವಳ ಲ್ಯಾಬ್ ಮಾಳಿಗೆಯ ಮೇಲೇ ಇದೆ ಎಂಬುದು ಆ ದಿನ ನನಗೆ ತಿಳಿಯಿತು.

ಎರಡು ದಿನದ ಮೇಲೆ ಹೊಸ ಮೆಷಿನ್ನಿನ ಪೆಟ್ಟಿಗೆ ಒಡೆಯುತ್ತಿದ್ದೆವು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ರೂಢಿಯಂತೆ ಕೈಯಲ್ಲಿ ಹಿಡಿದುಕೊಂಡು ಕಾದೆ, ಕಟ್ಟಾಗಲಿ ಎಂದು. ಒಂದು ರಿಂಗ್ ಆಯಿತು, ಎರಡಾಯಿತು, ಮೂರಾಯಿತು. ಕಟ್ಟಾಗಲಿಲ್ಲ. ಬಾರಿಸುತ್ತಲೇ ಇತ್ತು. ಎತ್ತಿದೆ.

“ಎಷ್ಟೊತ್ತಣ್ಣ ಎತ್ತೋಕೆ?” ಅಂದಳು ಶಶಿ. “ನಿನ್ ಹತ್ರ ಒಂದ್ ಮಾತಾಡ್ಬೇಕು.”

ಪೆಟ್ಟಿಗೆಯನ್ನು ಹೆಲ್ಪರಿಗೆ ಬಿಟ್ಟು ನಾನು ಹೊರಗೆ, ಸಿಗ್ನಲ್ ಚೆನ್ನಾಗಿರುವ ಕಡೆ ಬಂದೆ. “ಹೇಳಮ್ಮ” ಅಂದೆ.